ಅವನ ಒಂದು, ಇವನ ಒಂದು

ನಮ್ಮ ಮನೆಯಲ್ಲಿ ರವೆ ನೆನೆಸಿಟ್ಟ ದಿನ ನಾನು ಅಡುಗೆಮನೆಗೆ ಕಾಲಿಡುವುದಿಲ್ಲ. ನನ್ನ ಹೆಂಡತಿ ಸರೋಜ ಇದನ್ನು ನನ್ನ ಹಲವು ಹುಚ್ಚುಗಳ ಜೊತೆಗೆ ಸೇರಿಸಿ ಸುಮ್ಮನಾಗಿದ್ದಾಳೆ. ಮೊನ್ನೆ ಭಾನುವಾರ ರವೆ ಇಡ್ಲಿಗೆ ಎಲ್ಲ ಕಲಸಿಟ್ಟು ದೇವಸ್ಥಾನಕ್ಕೆ ಹೋದವಳು ಅಲ್ಲಿ ಯಾರೋ ಸಿಕ್ಕಿದರೆಂದು ಮಾತಿಗೆ ನಿಂತುಬಿಟ್ಟಳು. ನನಗೆ ಕಾಫಿಯ ಹೊತ್ತು. ಒಳಗೆ ಹೋದೆ. ಒದ್ದೆ ರವೆಯ ಆ ಸಪ್ಪೆ ವಾಸನೆ, ಅಂಚಿನಲ್ಲಿ ಒಂಚೂರು ಹುಳಿ ಹಿಡಿದದ್ದು, ಮೂಗಿಗೆ ಬಡಿಯಿತು. ಕಾಫಿಯ ಆಸೆ ಬಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಬೇರೆಯವರಿಗೆ ಅದು ತಿಂಡಿಯ ವಾಸನೆ. ನನಗೆ ಅದು ಮೂರ್ತಿಯ ವಾಸನೆ. ಮೃದಂಗದ ಎಡಗಡೆಯ ತೊಗಲಿಗೆ ಸಣ್ಣ ರವೆಯನ್ನು ನೀರಲ್ಲಿ ಕಲಸಿ ಮೆತ್ತುತ್ತಾರೆ. ಅದಿಲ್ಲದಿದ್ದರೆ ಗುಂ ಎನ್ನುವ ಆ ಆಳದ ನಾದ ಬರುವುದಿಲ್ಲ. ನುಡಿಸಿ ಮುಗಿದ ಮೇಲೆ ಅದನ್ನು ಕೆರೆದು ತೆಗೆಯಬೇಕು, ಮುಂದಿನ ಸಲ ಹೊಸದಾಗಿ ಕಲಸಬೇಕು. ಇಪ್ಪತ್ತೈದು ವರ್ಷ ನಾನು ಮೂರ್ತಿಯ ಪಕ್ಕದಲ್ಲಿ ಕೂತು ನನ್ನ ಬೇಸ್ ಗಿಟಾರಿನ ತಂತಿ ಬಿಗಿಸಿಕೊಳ್ಳುತ್ತಾ ಈ ವಾಸನೆ ಉಸಿರಾಡಿದ್ದೇನೆ. ಅವನು ಕೊನೆಯ ಸಲ ಅದನ್ನು ಕೆರೆದದ್ದು ಮೆಟ್ರೊಗೆಂದು ಕಾರ್ಡ್ ರಸ್ತೆಯ ಮರಗಳನ್ನು ಕಡಿದ ವರ್ಷ, ಗಣೇಶನ ಹಬ್ಬದ ಒಂದು ಸಂಜೆ, ವಿಜಯನಗರದ ಪೆಂಡಾಲೊಂದರ ಹಿಂದೆ. ಆ ಮಳೆಗಾಲವನ್ನು ಮರೆಯಬೇಕೆಂದು ನಾನು ಪಡದ ಪಾಡಿಲ್ಲ. ಮರೆವು ಬೇಕಾದ್ದನ್ನೆಲ್ಲ ಒಯ್ಯುತ್ತಿದೆ, ಇದನ್ನು ಮಾತ್ರ ಮುಟ್ಟುತ್ತಿಲ್ಲ.

ನಮ್ಮ ಬ್ಯಾಂಡಿನ ಹೆಸರು ವೆಸ್ಟ್ ಆಫ್ ಕಾರ್ಡ್. ರಾಜಾಜಿನಗರ, ಬಸವೇಶ್ವರನಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೆಸ್ಟ್ ಆಫ್ ಕಾರ್ಡ್ ರೋಡ್ ಎನ್ನುವ ಸಾಲು ನಮ್ಮ ಮೂವರ ವಿಳಾಸದಲ್ಲೂ ಇತ್ತು. ಗಿಟಾರಿನಲ್ಲಿ ಮೂರ್ನಾಲ್ಕು ಸ್ವರವನ್ನು ಒಟ್ಟಿಗೆ ಮೀಟಿದರೆ ಅದಕ್ಕೂ ಕಾರ್ಡ್ ಅಂತಲೇ ಹೆಸರು. ಈ ಹೆಸರು ಹೊಳೆದ ದಿನ ವಿಕ್ಟರ್ ತನ್ನ ಜಾಣತನಕ್ಕೆ ತಾನೇ ಮೆಚ್ಚಿ ನಮಗೆಲ್ಲ ಮಸಾಲೆ ದೋಸೆ ಕೊಡಿಸಿದ್ದ.

ವಿಕ್ಟರ್‌ನದು ಸ್ಯಾಕ್ಸೋಫೋನ್. ಅವನ ಅಪ್ಪ ಮದುವೆ ಮೆರವಣಿಗೆಗಳ ಬ್ಯಾಂಡ್‌ಸೆಟ್ಟಿನಲ್ಲಿ ಊದುತ್ತಿದ್ದವರು. ಮಗ ಶಾಲೆಯಲ್ಲಿ ಸಂಗೀತದ ಮೇಷ್ಟ್ರಾಗಿ, ಸಂಜೆ ಹೊತ್ತು ಜಾಝ್ ಹಿಡಿದ. ಮೂರ್ತಿಯದು ಶುದ್ಧ ಕರ್ನಾಟಕ ಸಂಗೀತದ ಮನೆ. ಹಗಲು ಬ್ಯಾಂಕಿನ ಗುಮಾಸ್ತ, ಉಳಿದ ಹೊತ್ತೆಲ್ಲ ಮೃದಂಗ. ನಾನು ಗೋಪಿ, ಟೆಲಿಫೋನ್ ಎಕ್ಸ್‌ಚೇಂಜಿನವನು. ಕೀಬೋರ್ಡ್ ನುಡಿಸುವವರು ಬರುತ್ತಿದ್ದರು, ಹೋಗುತ್ತಿದ್ದರು. ನಮ್ಮಲ್ಲಿ ಅವರು ಬಾಡಿಗೆ ಮನೆಯವರ ಲೆಕ್ಕ. ಬ್ಯಾಂಡ್ ಅಂದರೆ ನಾವು ಮೂವರೇ. ಬೇಸ್ ಗಿಟಾರಿನವನನ್ನು ಯಾರೂ ನೋಡುವುದಿಲ್ಲವಾದ್ದರಿಂದ, ನಿಜ ಹೇಳಬೇಕೆಂದರೆ, ಅವರಿಬ್ಬರೇ.

ಎಂಥ ಕಾಲ ಅದು! ಆ ಗಣೇಶ ಈ ಗಣೇಶ ಅಂತಿಲ್ಲ, ರಾಮನವಮಿ, ರಾಜ್ಯೋತ್ಸವ, ಕಾಲೇಜು ಹಬ್ಬ, ದೊಡ್ಡ ಹೋಟೆಲ್ಲಿನ ಹುಲ್ಲುಹಾಸು, ಎರಡು ಸಲ ಟಿವಿ, ಒಂದು ಸಲ ಜರ್ಮನಿ. ಕಾಮಾಕ್ಷಿಪಾಳ್ಯದ ಆಟೋ ಸ್ಟ್ಯಾಂಡಿನವರು ನಮ್ಮ ಸಾಮಾನು ಏರಿಸಿಕೊಳ್ಳುವಾಗ ಅಭಿಮಾನದಿಂದ ವಿಕ್ಟರ್‌ನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು. ಎಲ್ಲಿ ಹೋದರೂ ಕೊನೆಗೆ ಜನ ಕೂಗುತ್ತಿದ್ದದ್ದು ಒಂದೇ: "ಸಾರ್, ಮುಂದೆ ಹೋಗಿ! ಮುಂದೆ ಹೋಗಿ ಹೊಡೀರಿ ಸಾರ್!"

"ಮುಂದೆ ಹೋಗಿ" ಅನ್ನುವುದು ನಮ್ಮ ಮೊದಲ ಕೃತಿ. ಅದು ಹುಟ್ಟಿದ್ದು ಬಸ್ಸಿನಲ್ಲಿ. ಆಗ ನಾವು ಮೂವರೂ ರಾಜಾಜಿನಗರದಿಂದ ಮೆಜೆಸ್ಟಿಕ್ಕಿಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು, ಆ ಬಸ್ಸಲ್ಲೇ ಪರಿಚಯವಾದವರು. ಅದರಲ್ಲೊಬ್ಬ ಕಂಡಕ್ಟರ್ ಇದ್ದ. ಬಾಗಿಲಲ್ಲಿ ನಿಂತು ಟಿಕೆಟ್ಟಿನ ಹಲಗೆಯ ಮೇಲೆ ಪೆನ್ಸಿಲ್ಲಿನಿಂದ ತಟ್ಟುತ್ತಾ ಒಂದೇ ರಾಗದಲ್ಲಿ ಹೇಳುತ್ತಿದ್ದ: ಮುಂದೆ ಹೋಗಿ, ಒಳಗೆ, ಮುಂದೆ ಹೋಗಿ, ಒಳಗೆ. ಏಳು ಎಣಿಕೆ. ಮುಂದೆ ಹೋಗಿ ಅನ್ನುವುದಕ್ಕೆ ನಾಲ್ಕು, ಒಳಗೆ ಅನ್ನುವುದಕ್ಕೆ ಮೂರು. ನಿಲ್ಲಿಸುವುದೇ ಇಲ್ಲ ಪುಣ್ಯಾತ್ಮ. ವಿಕ್ಟರ್ ಅದಕ್ಕೊಂದು ರಾಗ ಕಟ್ಟಿ ತಂದ. ಮೂರ್ತಿ ಅದೇ ಸಂಜೆ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಅದಕ್ಕೆ ಮೃದಂಗ ಕೂಡಿಸಿದ. ಮೊದಲ ಸಲವೇ ಎರಡೂ ಹಾಲುಸಕ್ಕರೆಯಾಗಿ ಬೆರೆತವು. ಅಡುಗೆಮನೆಯಿಂದ ಮೂರ್ತಿಯ ಹೆಂಡತಿ ಜಯಕ್ಕ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಿದ್ದಳು.

ಆ ಬೆರೆತದ್ದರ ಒಳಗೆ ಏನಿತ್ತು ಎಂದು ಇಪ್ಪತ್ತೈದು ವರ್ಷ ನಮಗೆ ಗೊತ್ತಾಗಲಿಲ್ಲ. ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು.

ಮರ ಕಡಿದ ಆ ವರ್ಷ ಬೇಸಿಗೆಯ ಕೊನೆಗೆ ಒಂದು ಕಂಪನಿಯವರು ನಮ್ಮ ಎಲ್ಲ ಕೃತಿಗಳನ್ನೂ ಸೇರಿಸಿ ಒಂದು ಸಿಡಿ ತರುತ್ತೇವೆಂದು ಬಂದರು. ನಮ್ಮದು ಬರೀ ವೇದಿಕೆಯ ಬ್ಯಾಂಡು. ಕ್ಯಾಸೆಟ್ಟಿನ ಕಾಲದಲ್ಲಿ ಎರಡು ಸಲ ಮಾತಾಗಿ ಎರಡು ಸಲವೂ ಮುರಿದುಬಿದ್ದಿತ್ತು. ನಮ್ಮದು ಅಂತ ಹೇಳಿಕೊಳ್ಳಲು ಜನರು ಗುಂಪಿನಲ್ಲಿ ಕೂತು ಮಾಡಿಕೊಂಡ ಗೊರಗೊರ ರೆಕಾರ್ಡಿಂಗುಗಳನ್ನು ಬಿಟ್ಟರೆ ಏನೂ ಇರಲಿಲ್ಲ. ವಿಕ್ಟರ್‌ಗೆ ಆಗಲೇ ಉಸಿರು ಸ್ವಲ್ಪ ಮೋಟಾಗಿತ್ತು. ಉದ್ದದ ಸ್ವರ ಹಿಡಿದರೆ ಕುತ್ತಿಗೆಯ ನರ ಉಬ್ಬುತ್ತಿತ್ತು. "ಇದೊಂದು ಆಗಿಬಿಡ್ಲಿ ಗೋಪಿ. ಆಮೇಲೆ ನಾವಿಲ್ಲದೆ ಹೋದ್ರೂ ಸೌಂಡ್ ಇರುತ್ತೆ" ಅಂದಿದ್ದ. ಮೂರ್ತಿ ಹೊರಗೆ ಏನೂ ತೋರಿಸಿಕೊಳ್ಳಲಿಲ್ಲ. ಆದರೆ ಮೃದಂಗಕ್ಕೆ ಹೊಸ ಬಾರು ಹಾಕಿಸಿಕೊಂಡು ಬಂದ.

ಸ್ಟುಡಿಯೋ ಇದ್ದದ್ದು ಮೂಡಲಪಾಳ್ಯದಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ನೆಲಮಾಳಿಗೆ. ಮಳೆ ಶುರುವಾಗಿತ್ತು. ಕಾರ್ಡ್ ರಸ್ತೆಯ ಆ ಮರಗಳು ಇದ್ದಿದ್ದರೆ ಒಂದು ಹದ ಮಳೆಗೆ ಅಡಿಯಲ್ಲಿ ನಿಲ್ಲಬಹುದಿತ್ತು. ಈಗ ಬರೀ ಬೊಡ್ಡೆಗಳು, ಅವುಗಳ ಪಕ್ಕ ಹಸಿರು ತಗಡಿನ ಬೇಲಿ, ಕೆಂಪು ಕೆಸರು. ನನ್ನ ಸ್ಕೂಟರಿನಲ್ಲಿ ಮುಂದೆ ಕಾಲ ಸಂದಿಯಲ್ಲಿ ಮೃದಂಗ, ಹಿಂದೆ ಮೂರ್ತಿ, ಅವನ ಬೆನ್ನಿಗೆ ನನ್ನ ಗಿಟಾರು. ಮೃದಂಗಕ್ಕೆ ಪ್ಲಾಸ್ಟಿಕ್ ಹೊದಿಸಿ ನಾವಿಬ್ಬರೂ ನೆನೆಯುತ್ತಾ ಹೋಗುತ್ತಿದ್ದೆವು. ಖುಷಿಯಾಗಿಯೇ ಹೋಗುತ್ತಿದ್ದೆವು.

ರೆಕಾರ್ಡಿಂಗ್ ಮಾಡುತ್ತಿದ್ದವಳು ಸ್ಮಿತಾ ಅಂತ. ಮೂವತ್ತರ ಒಳಗಿನ ಹುಡುಗಿ, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮೃದು. ನಾವು ಮೂವರೂ ಒಟ್ಟಿಗೆ ಕೂರಲು ಜಾಗ ಹುಡುಕುತ್ತಿದ್ದರೆ ಅವಳು ನಕ್ಕಳು.

"ಅಂಕಲ್, ಈಗೆಲ್ಲ ಒಟ್ಟಿಗೆ ಕೂರಿಸಿ ತಗೊಳ್ಳಲ್ಲ. ಒಬ್ಬೊಬ್ಬರೇ ಬನ್ನಿ. ಹೆಡ್‌ಫೋನಲ್ಲಿ ಟಿಕ್ ಟಿಕ್ ಅಂತ ಬರ್ತಾ ಇರುತ್ತೆ. ಸುತ್ತಿನ ಮೊದಲ ಎಣಿಕೆ, ಆ ಒಂದಕ್ಕೆ ಮಾತ್ರ ಟಿಂಗ್ ಅಂತ ಗಂಟೆ. ಅದನ್ನ ಹಿಡ್ಕೊಂಡು ನುಡಿಸ್ಬಿಡಿ, ಆಮೇಲೆ ನಾನು ಸೇರಿಸ್ಕೋತೀನಿ."

ಮೊದಲು ವಿಕ್ಟರ್ ಹೋದ. "ಏಳು ಎಣಿಕೆ, ನನ್ನ ಮೊದಲ ಸ್ವರವೇ ಒಂದು" ಅಂದ. ಸಲೀಸಾಗಿ ಮುಗಿಯಿತು. ಆಮೇಲೆ ನಾನು. ನಾನು ಎಣಿಸುವವನೇ ಅಲ್ಲ. ವಿಕ್ಟರ್ ಊದಿದ್ದನ್ನು ಕಿವಿಯಲ್ಲಿ ಕೇಳಿಕೊಂಡು ನನ್ನ ಪಾಡಿಗೆ ನಾನು ಮೀಟಿ ಬಂದೆ. ಕೊನೆಗೆ ಮೂರ್ತಿ ರವೆ ಹಚ್ಚಿಕೊಂಡು ಗಾಜಿನ ಕೋಣೆಯೊಳಗೆ ಹೋಗಿ ಕೂತ. ಎರಡು ಸುತ್ತು ನುಡಿಸಿ ನಿಲ್ಲಿಸಿದ. ಮತ್ತೆ ಶುರು ಮಾಡಿ ಮತ್ತೆ ನಿಲ್ಲಿಸಿದ. ಅವನು ಹಾಗೆ ನಿಲ್ಲಿಸಿದ್ದನ್ನು ನಾನು ನೋಡಿದ್ದೇ ಇಲ್ಲ.

"ಏನಮ್ಮಾ, ನಿನ್ನ ಗಂಟೆ ತಪ್ಪು ಜಾಗದಲ್ಲಿ ಹೊಡೀತಿದೆಯಲ್ಲ" ಎಂದು ಮೈಕಿನಲ್ಲಿ ಅವನ ದನಿ ಬಂತು.

"ಎಲ್ಲಿ ಬೇಕು ಅಂಕಲ್?"

"ಮೂರು ಎಣಿಕೆ ಹಿಂದಕ್ಕೆ ಹಾಕು. ಸಮ ಅಲ್ಲಿದೆ. ತಾಳ ಅಲ್ಲಿಂದಲೇ ಶುರು."

ಅವಳು ಏನೋ ಒತ್ತಿ ಸರಿಸಿದಳು. ಮೂರ್ತಿ ಕಣ್ಣು ಮುಚ್ಚಿ ನುಡಿಸತೊಡಗಿದ. ಆಹಾ, ಅದೇ ಮೂರ್ತಿ. ಆದರೆ ಸೋಫಾದ ಮೇಲೆ ಕೂತಿದ್ದ ವಿಕ್ಟರ್ ಎದ್ದು ಬಂದು ಪರದೆಯನ್ನು ನೋಡಿದ.

"ಒನ್ ಅಲ್ಲಿ ಇಲ್ಲ ಸ್ಮಿತಾ. ಅದು ಫೈವ್. ಯಾಕೆ ಸರಿಸ್ದೆ?"

"ಮೂರ್ತಿ ಅಂಕಲ್‌ಗೆ ಅಲ್ಲೇ ಒಂದು ಅಂತೆ."

ಅವಳು ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಏನೋ ತಮಾಷೆ ಸಿಕ್ಕಿದವಳಂತೆ ಕೇಳಿದಳು: "ಅಂಕಲ್, ಇಪ್ಪತ್ತೈದು ವರ್ಷದಿಂದ ನೀವಿಬ್ರೂ ಬೇರೆ ಬೇರೆ ಕಡೆಯಿಂದ ಎಣಿಸ್ತಾ ಇದೀರಾ?"

ಹೌದು. ಆ ಕಂಡಕ್ಟರನ ಕೂಗನ್ನು ವಿಕ್ಟರ್ ಕೇಳಿದ್ದು "ಮುಂದೆ ಹೋಗಿ, ಒಳಗೆ" ಅಂತ. ಮೂರ್ತಿ ಕೇಳಿದ್ದು "ಒಳಗೆ, ಮುಂದೆ ಹೋಗಿ" ಅಂತ. ಒಬ್ಬನಿಗೆ ನಾಲ್ಕು ಮೂರು, ಇನ್ನೊಬ್ಬನಿಗೆ ಮೂರು ನಾಲ್ಕು. ಸುತ್ತುತ್ತಲೇ ಇರುವ ಮಾತಿಗೆ ಮೊದಲು ಯಾವುದು, ಕೊನೆ ಯಾವುದು? ತುಂಡುಗಳು ಸರಿಯಾಗಿ ಕೂಡುತ್ತಿದ್ದದ್ದರಿಂದ ಎಲ್ಲೂ ತೊಡಕಾಗಲೇ ಇಲ್ಲ. ವಿಕ್ಟರನ ಮೊದಲ ಸ್ವರ ಮೂರ್ತಿಗೆ ಯಾವತ್ತೂ ನಾಲ್ಕನೆಯ ಎಣಿಕೆ. ನಮ್ಮ ಸಂಗೀತದಲ್ಲಿ ಅದಕ್ಕೆ ಎಡುಪು ಅನ್ನುತ್ತಾರೆ. ತಾಳ ಒಂದು ಕಡೆ ಶುರುವಾದರೆ ಹಾಡು ಸ್ವಲ್ಪ ತಡೆದು ಇನ್ನೊಂದು ಕಡೆ ಎತ್ತಿಕೊಳ್ಳುವುದು. ಬಲ್ಲವರು ಮೆಚ್ಚುವ ಸೂಕ್ಷ್ಮ ಅದು.

"ಗೋಪಿ ಅಂಕಲ್, ನಿಮ್ಮ ಒಂದು ಎಲ್ಲಿ?" ಎಂದು ಅವಳು ನನ್ನನ್ನೂ ಕೇಳಿದಳು.

"ನನಗೆ ಒಂದು ಅಂತ ಇಲ್ಲಮ್ಮ. ಇವರಿಬ್ಬರ ಮಧ್ಯೆ ಹೋಗ್ತಾ ಇರ್ತೀನಿ" ಅಂದೆ. ಎಲ್ಲರೂ ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪಕ್ಕದ ದರ್ಶಿನಿಗೆ ಹೋಗಿ ಕಾಫಿ ಕುಡಿಯುವಾಗಲೂ ವಿಕ್ಟರ್ ನೆನೆಸಿಕೊಂಡು ನೆನೆಸಿಕೊಂಡು ನಗುತ್ತಿದ್ದ. ಮೂರ್ತಿ ಮಾತ್ರ ಲೋಟ ಕೆಳಗಿಟ್ಟ.

"ಹಾಗಾದ್ರೆ ನೀನು ಒಂದರ ಮೇಲೇ ಶುರು ಮಾಡ್ತಿದ್ಯಾ?"

"ಮತ್ತೆ ಇನ್ನೆಲ್ಲಿ ಮಾಡ್ಲೋ?"

"ಸುಮ್ನೆ? ಎಲ್ಲರ ಥರ?"

"ಯಾಕೆ, ಏನಾಯ್ತೀಗ?"

"ಏನಿಲ್ಲ. ನಾನು ನಮ್ಮ ಗುರುಗಳ ಹತ್ರ ಹೇಳಿದ್ದೆ. ಒಬ್ಬ ಇದಾನೆ ಗುರುಗಳೇ, ತಾಳ ಕಲಿತೋನಲ್ಲ, ಬ್ಯಾಂಡ್‌ಸೆಟ್ಟಿನವರ ಮಗ, ಆದ್ರೆ ಎಡುಪು ಎಲ್ಲಿ ಇಡ್ಬೇಕು ಅಂತ ರಕ್ತದಲ್ಲೇ ಬಂದಿದೆ ಅಂತ. ಅವರು ನಿನ್ನ ನೋಡ್ಬೇಕು ಅಂತಿದ್ರು."

ವಿಕ್ಟರನ ನಗು ನಿಂತಿತು. ಅವನೂ ಲೋಟ ಕೆಳಗಿಟ್ಟು ಹೇಳಿದ: "ನಾನೂ ಎಲ್ಲರ ಹತ್ರ ಹೇಳ್ತಿದ್ದೆ ಕಣೋ. ಜರ್ಮನಿಯಲ್ಲೂ ಹೇಳ್ದೆ. ನಮ್ಮ ಮೂರ್ತಿ ಒನ್ ಮೇಲೆ ಹೊಡೆಯೋದೇ ಇಲ್ಲ, ಒನ್‌ನ ಬಚ್ಚಿಟ್ಟು ಆಟ ಆಡಿಸ್ತಾನೆ, ಪ್ರಪಂಚದಲ್ಲಿ ಇಂಥ ಡ್ರಮ್ಮರ್ ಇಲ್ಲ ಅಂತ. ನೀನು ನೋಡಿದ್ರೆ ನಿನ್ನ ಒನ್ ಮೇಲೆ ನೆಟ್ಟಗೆ ಹೊಡ್ಕೊಂಡು ಕೂತಿದ್ದೆ."

ಇಷ್ಟೇ ಮಾತು. ಯಾರೂ ಬೈಯಲಿಲ್ಲ, ಲೋಟ ಎತ್ತಿ ಒಗೆಯಲಿಲ್ಲ. ಹೊರಗೆ ಮಳೆ ನಿಂತಿದ್ದರೂ ನಾವು ಮೂವರೂ ಮಳೆ ನಿಲ್ಲಲೆಂದು ಕಾದವರ ಹಾಗೆ ಅಲ್ಲೇ ನಿಂತಿದ್ದೆವು. ಇಬ್ಬರು ಗೆಳೆಯರು ಇಪ್ಪತ್ತೈದು ವರ್ಷ ಒಬ್ಬರನ್ನೊಬ್ಬರು ಪೂಜಿಸಿದ್ದು ಇಬ್ಬರಲ್ಲೂ ಇಲ್ಲದ ಒಂದು ವಿದ್ಯೆಗಾಗಿ. ಅದನ್ನು ಅರಗಿಸಿಕೊಳ್ಳುವುದು ಹೇಗೆ ಎಂದು ಯಾರಿಗೂ ತಿಳಿಯಲಿಲ್ಲ. ನನಗೆ ಇವತ್ತಿಗೂ ತಿಳಿದಿಲ್ಲ.

ಮಾರನೆಯ ದಿನದಿಂದ ಕಷ್ಟ ಶುರುವಾಯಿತು. ಅದನ್ನು ಪಕ್ಕಕ್ಕಿಟ್ಟು ಹಳೆಯ ಹಾಗೇ ನುಡಿಸೋಣ ಅಂದುಕೊಂಡೆವು. ಸ್ಮಿತಾ ಕೂಡ ಒಳ್ಳೆಯ ಮನಸ್ಸಿನಿಂದ, "ಗಂಟೆ ಬೇಡ ಅಂಕಲ್, ಮೂವರೂ ಒಟ್ಟಿಗೇ ಕೂತ್ಕೊಳ್ಳಿ" ಅಂದು ಕೋಣೆಯ ಕುರ್ಚಿಗಳನ್ನೆಲ್ಲ ಹೊರಗೆ ಹಾಕಿ ಜಾಗ ಮಾಡಿದಳು. ಕೂತೆವು. ಆಗಲಿಲ್ಲ. ಮೂರ್ತಿಯ ತುಟಿ ಅಲುಗುತ್ತಿತ್ತು. ಅವನು ಎಣಿಸುತ್ತಿದ್ದ. ಎಷ್ಟೋ ಸಾವಿರ ಸಲ ಕಣ್ಣು ಮುಚ್ಚಿ ನುಡಿಸಿದ್ದನ್ನು ಈಗ ಒಂದು ಎರಡು ಅಂತ ಎಣಿಸುತ್ತಿದ್ದ. ವಿಕ್ಟರ್ ಅವನಿಗೆ ಸಹಾಯ ಮಾಡುತ್ತೇನೆಂದು ತನ್ನ ಒಂದು ಬಂದಾಗಲೆಲ್ಲ ಸ್ಯಾಕ್ಸೋಫೋನನ್ನೇ ಬಗ್ಗಿಸಿ ಸನ್ನೆ ಮಾಡುತ್ತಿದ್ದ. ಮೃದಂಗದವನಿಗೆ ತಾಳ ತೋರಿಸಿಕೊಡುವುದಕ್ಕಿಂತ ಅವನ ಕೆನ್ನೆಗೆ ಹೊಡೆಯಬಹುದು. ವಿಕ್ಟರ್‌ಗೆ ಅದು ಗೊತ್ತಿರಲಿಲ್ಲ, ಪಾಪ. ಮೂರ್ತಿ ತಲೆ ತಗ್ಗಿಸಿ ನುಡಿಸುತ್ತಿದ್ದ.

ಬೇರೆ ಕೃತಿಗಳು ಹೇಗೋ ಮುಗಿದವು. ಅವುಗಳಲ್ಲೂ ಜೀವ ಇರಲಿಲ್ಲ. ಒಮ್ಮೆ ಅನುಮಾನ ಹೊಕ್ಕ ಮೇಲೆ ಪ್ರತಿಯೊಂದರಲ್ಲೂ ಇಬ್ಬರೂ ಹಿಂದೆ ಮುಂದೆ ನೋಡತೊಡಗಿದರು. ಇದರಲ್ಲಿ ನಿನ್ನ ಒಂದು ಎಲ್ಲಿ, ಅದರಲ್ಲಿ ಎಲ್ಲಿ ಎಂದು ಕೇಳಿಕೊಂಡೇ ಶುರು ಮಾಡುವರು. "ಮುಂದೆ ಹೋಗಿ" ಮಾತ್ರ ಬಾಕಿ ಉಳಿಯಿತು. ಹಬ್ಬ ಮುಗಿಸಿಕೊಂಡು ಬನ್ನಿ ಅಂಕಲ್ ಅಂದಳು ಸ್ಮಿತಾ.

ಒಂದು ಮಧ್ಯಾಹ್ನ ಬಸವೇಶ್ವರನಗರಕ್ಕೆ ಮೂರ್ತಿಯನ್ನು ನೋಡಲು ಹೋಗಿದ್ದೆ. ಔಟ್‌ಹೌಸಿಗೆ ಬಾಡಿಗೆಗೆ ಬಂದಿದ್ದ ಬಿಜಾಪುರದ ಕಡೆಯ ಹುಡುಗರು ಗೇಟಿನಲ್ಲಿ ಬೈಕು ತೊಳೆಯುತ್ತಿದ್ದರು. "ಅಂಕಲ್‌ರು ಮುಂಜಾನಿಂದ ಒಂದs ಸಮ ಬಾರಸಾಕತ್ಯಾರ್ರಿ" ಅಂದ ಒಬ್ಬ. ಒಳಗೆ ಬಾಗಿಲು ಹಾಕಿಕೊಂಡು ನುಡಿಸುವ ಸದ್ದು. ಜಯಕ್ಕ ನನ್ನನ್ನು ನೇರ ಅಡುಗೆಮನೆಗೆ ಕರೆದುಕೊಂಡು ಹೋದಳು.

"ಏನಾಗಿದೆ ಗೋಪಿ ಇವರಿಗೆ? ಊಟಕ್ಕೆ ಕೂತ್ರೆ ತಟ್ಟೆ ಅಂಚಲ್ಲಿ ಎಣಿಸ್ತಾರೆ. ಅನ್ನ ಆರಿಹೋಗುತ್ತೆ. ಏನ್ರೀ ಅಂದ್ರೆ, ಇರು ಜಯ, ಎಲ್ಲ ತಿರುಗಿಸಿ ಹಾಕ್ಬೇಕು ಅಂತಾರೆ. ಏನನ್ನ ತಿರುಗಿಸಿ ಹಾಕೋದು?"

ಒಲೆಯ ಪಕ್ಕದ ಬಟ್ಟಲಿನಲ್ಲಿ ರವೆ ಕಲಸಿಟ್ಟಿತ್ತು. ಬೆಳಗ್ಗೆಯಿಂದ ಅವನು ಅದನ್ನು ಎಷ್ಟು ಸಲ ಹಚ್ಚಿ ಎಷ್ಟು ಸಲ ಕೆರೆದಿದ್ದನೋ, ಬಚ್ಚಲಿನ ತುಂಬಾ ಬಿಳಿ ಚೂರುಗಳು. ಬಾಗಿಲು ತಟ್ಟದೆ ವಾಪಸು ಬಂದೆ.

ಗಣೇಶನ ಹಬ್ಬ ಬಂತು. ವಿಜಯನಗರದ ಆ ಪೆಂಡಾಲಿಗೆ ನಾವು ಪ್ರತಿವರ್ಷ ತಪ್ಪದೆ ಹೋಗುವವರು. ರಸ್ತೆಗೆ ಅಡ್ಡ ಕಟ್ಟಿದ ವೇದಿಕೆ, ಹಿಂದೆ ಆಳೆತ್ತರದ ಗಣಪತಿ, ಎದುರಿಗೆ ಕೆಂಪು ಕುರ್ಚಿಗಳು, ಕುರ್ಚಿ ಸಿಗದವರು ಕಾಂಪೌಂಡುಗಳ ಮೇಲೆ. ಬೆಳಗ್ಗೆಯಿಂದ ಬಿದ್ದ ಮಳೆ ಸಂಜೆಗೆ ಬಿಟ್ಟಿತ್ತು. ಜನರಿಗೆ ನಮ್ಮನ್ನು ನೋಡಿ ಎಷ್ಟು ಸಂತೋಷ! "ಬಂದ್ರು ನೋಡ್ರಪ್ಪಾ ಕಾರ್ಡ್ ರೋಡ್ ಪಾರ್ಟಿ" ಎಂದು ಯಾರೋ ಸೀಟಿ ಹೊಡೆದರು. ಮೊದಲ ಮೂರು ಕೃತಿಗಳು ಸುಖವಾಗಿ ದಾಟಿದವು. ಆಮೇಲೆ ಕೂಗು ಎದ್ದಿತು: "ಮುಂದೆ ಹೋಗಿ! ಮುಂದೆ ಹೋಗಿ!"

ಮೂರ್ತಿ ನನ್ನ ಕಡೆ ನೋಡಿ ಒಂದು ಸಣ್ಣ ನಗು ನಕ್ಕ. ಆ ಮಳೆಗಾಲದಲ್ಲಿ ಅವನ ಮುಖದಲ್ಲಿ ನಗು ನೋಡಿದ್ದು ಅದೇ. ವಿಕ್ಟರ್ ಕೂಡ ಹಗುರವಾಗಿದ್ದ. ಮೂರ್ತಿಯ ಹತ್ತಿರ ಬಗ್ಗಿ, "ಹೊಡಿ ಮಗಾ, ನಾನು ನೋಡ್ಕೋತೀನಿ" ಅಂದ. ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಯಾವಾಗಲೂ ಮೂರ್ತಿ ಎರಡು ಸುತ್ತು ಒಬ್ಬನೇ ನುಡಿಸುತ್ತಾನೆ, ಮೂರನೆಯದಕ್ಕೆ ವಿಕ್ಟರ್ ಎತ್ತಿಕೊಳ್ಳುತ್ತಾನೆ. ಮೂರ್ತಿ ಶುರು ಮಾಡಿದ. ಕೇಳುತ್ತಿದ್ದಂತೆ ನನಗೆ ಅರ್ಥವಾಯಿತು. ಹೊಡೆತಗಳು ಬೇರೆ. ಆ ಗುಂ ಅನ್ನುವ ದೊಡ್ಡ ಏಟು ತನ್ನ ಹಳೆಯ ಜಾಗ ಬಿಟ್ಟು ವಿಕ್ಟರನ ಒಂದರ ಮೇಲೆ ಬೀಳುತ್ತಿತ್ತು. ತಟ್ಟೆಯ ಅಂಚಿನಲ್ಲಿ ಎಣಿಸಿ ಎಣಿಸಿ ಅವನು ಎಲ್ಲವನ್ನೂ ತಿರುಗಿಸಿ ಹಾಕಿದ್ದ. ಕಲಿತದ್ದನ್ನು, ಗುರು ಕೊಟ್ಟದ್ದನ್ನು, ಗೆಳೆಯನಿಗೋಸ್ಕರ ತಿರುಗಿಸಿ ಹಾಕಿದ್ದ. ಎರಡು ಸುತ್ತು ಮುಗಿಯಿತು. ಗುಂ ಅಂತ ಏಟು ಬಿತ್ತು. ವಿಕ್ಟರ್ ಅಲ್ಲಿ ಬರಲಿಲ್ಲ.

ಅವನು ಬಂದದ್ದು ಮೂರು ಎಣಿಕೆ ಬಿಟ್ಟು. ಮೂರ್ತಿಯ ಏಟನ್ನು ಕೇಳಿ, ಒಳಗೆ ಅಂತ ಮೂರು ಎಣಿಸಿ, ನಾಲ್ಕರ ಮೇಲೆ ಬಂದ. ಅವನೂ ಬದಲಾಯಿಸಿಕೊಂಡಿದ್ದ. ಮೂರ್ತಿಯ ಒಂದನ್ನೇ ತನ್ನದು ಮಾಡಿಕೊಂಡು, ಇಷ್ಟು ವರ್ಷ ತನ್ನಲ್ಲಿ ಇದೆ ಎಂದು ಗೆಳೆಯ ನಂಬಿದ್ದ ಆ ಎಡುಪನ್ನು ಈ ವಯಸ್ಸಿನಲ್ಲಿ ಕಲಿತುಕೊಂಡು ಬಂದಿದ್ದ. ಒಬ್ಬರಿಗೊಬ್ಬರು ಹೇಳಿರಲಿಲ್ಲ. ಇಬ್ಬರೂ ನನಗೂ ಹೇಳಿರಲಿಲ್ಲ. ಇವನು ಅವನ ಮನೆಗೆ ಹೊರಟ, ಅವನು ಇವನ ಮನೆಗೆ ಹೊರಟ, ದಾರಿಯಲ್ಲಿ ಒಬ್ಬರನ್ನೊಬ್ಬರು ಕಾಣದೆ ದಾಟಿಹೋದರು.

ಮೂರ್ತಿ ತಪ್ಪು ತನ್ನದೆಂದು ತಿಳಿದು ಹಿಂದಕ್ಕೆ ಹಾರಿದ. ಅದೇ ಕ್ಷಣದಲ್ಲಿ ವಿಕ್ಟರ್ ತಪ್ಪು ತನ್ನದೆಂದು ಮುಂದಕ್ಕೆ ಹಾರಿದ. ಮತ್ತೆ ತಪ್ಪಿತು. ಮತ್ತೆ ಹಾರಿದರು. ನಾನು ಮಧ್ಯೆ ನಿಂತು ಯಾವ ಕಡೆ ಹೋಗಬೇಕೆಂದು ತಿಳಿಯದೆ ಒಂದೇ ತಂತಿಯನ್ನು ಸುಮ್ಮನೆ ಬಡಿಯುತ್ತಿದ್ದೆ. ಕೊನೆಗೆ ಮೂರ್ತಿ ಅಂಗೈಯನ್ನು ತೊಗಲಿನ ಮೇಲೆ ಮಲಗಿಸಿ ನಿಲ್ಲಿಸಿಬಿಟ್ಟ. ವಿಕ್ಟರನ ಸ್ವರ ಅರ್ಧಕ್ಕೆ ತುಂಡಾಯಿತು.

ಆಮೇಲೆ ಜನ ಚಪ್ಪಾಳೆ ಹೊಡೆದರು. ಜೋರಾಗಿ ಹೊಡೆದರು. ಇದೂ ನಮ್ಮ ಒಂದು ಹೊಸ ಆಟ ಅಂದುಕೊಂಡರು. ಮೃದಂಗ ಸ್ಯಾಕ್ಸೋಫೋನ್ ಒಂದನ್ನೊಂದು ಅಟ್ಟಿಸಿಕೊಂಡು ಹೋಗಿ ಥಟ್ಟನೆ ನಿಲ್ಲುವುದು! ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತು ಭೇಷ್ ಅಂದರು. ಕಾಂಪೌಂಡಿನ ಮೇಲಿದ್ದ ಹುಡುಗರು ಒನ್ಸ್ ಮೋರ್ ಅಂತ ಅರಚಿದರು. ಆ ಚಪ್ಪಾಳೆಯಷ್ಟು ಕ್ರೂರವಾದ ಸದ್ದನ್ನು ನಾನು ಬೇರೆ ಕೇಳಿಲ್ಲ. ಬೈದಿದ್ದರೆ, ಕಲ್ಲು ಎಸೆದಿದ್ದರೆ, ನಾವು ಎಲ್ಲಿದ್ದೆವೆಂದಾದರೂ ಗೊತ್ತಾಗುತ್ತಿತ್ತು.

ಪೆಂಡಾಲಿನ ಹಿಂದೆ ಜನರೇಟರಿನ ಪಕ್ಕ ಮೂರ್ತಿ ಒಂದು ಮರದ ಪೆಟ್ಟಿಗೆಯ ಮೇಲೆ ಕೂತು ಮೃದಂಗವನ್ನು ತೊಡೆಗೆ ಒರಗಿಸಿಕೊಂಡಿದ್ದ. ವಿಕ್ಟರ್ ಹೋಗಿ ಎದುರಿಗೆ ನಿಂತ.

"ನಿನಗೋಸ್ಕರ ಬದಲಾಯಿಸ್ಕೊಂಡಿದ್ದೆ ಕಣೋ" ಅಂದ ಮೂರ್ತಿ.

"ನಾನೂ ಕಣೋ" ಅಂದ ವಿಕ್ಟರ್.

ಇಲ್ಲಿ ಇಬ್ಬರೂ ತಬ್ಬಿಕೊಂಡು ಅತ್ತರು ಅಂತ ಬರೆಯಲು ನನಗೂ ಆಸೆ. ಹಾಗೇನೂ ಆಗಲಿಲ್ಲ. ಒಬ್ಬರಿಗೊಬ್ಬರು ಮಾಡಿಕೊಂಡ ಉಪಕಾರದ ಭಾರಕ್ಕೆ ಇಬ್ಬರೂ ಕುಸಿದಿದ್ದರು. ಜಗಳವಾಡಿದ್ದರೆ ನಾನು ರಾಜಿ ಮಾಡಿಸುತ್ತಿದ್ದೆ, ಅಷ್ಟರ ಮಟ್ಟಿಗೆ ಉಪಯೋಗಕ್ಕೆ ಬರುತ್ತಿದ್ದೆ. ಮೂರ್ತಿ ಉಗುರಿನಿಂದ ರವೆಯನ್ನು ಕೆರೆಯತೊಡಗಿದ. ಇನ್ನೂ ಹಸಿಯಾಗಿತ್ತು. ಬೆರಳಿಗೆ ಮೆತ್ತಿಕೊಂಡದ್ದನ್ನು ಪೆಟ್ಟಿಗೆಯ ಅಂಚಿಗೆ ಒರೆಸಿದ. ಒಂದು ಚೂರೂ ಉಳಿಯದ ಹಾಗೆ ಕೆರೆದು, ಟವೆಲ್ಲು ಒದ್ದೆ ಮಾಡಿ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿ, ಚೀಲಕ್ಕೆ ಹಾಕಿ ದಾರ ಕಟ್ಟಿದ.

"ಸಾಕು ಗೋಪಿ, ನಡಿ" ಅಂದ.

ದೀಪಾವಳಿಯ ಹೊತ್ತಿಗೆ ಸಿಡಿ ಬಂತು. "ಮುಂದೆ ಹೋಗಿ" ಕೂಡ ಇತ್ತು ಅದರಲ್ಲಿ. ನಾವು ಮತ್ತೆ ಸ್ಟುಡಿಯೋಕ್ಕೆ ಹೋಗದಿದ್ದಾಗ ಸ್ಮಿತಾ ಮೊದಲು ತಗೊಂಡಿದ್ದ ತುಂಡುಗಳನ್ನೇ ಕತ್ತರಿಸಿ, ಸರಿಸಿ, ಕೂಡಿಸಿ ಹೇಗೋ ಮಾಡಿಬಿಟ್ಟಿದ್ದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಕೈಲಾದದ್ದು ಮಾಡಿದಳು. ಮೂರ್ತಿಯ ಮನೆಯಲ್ಲಿ ಕೂತು ಕೇಳಿದೆವು. ಒಂದು ಏಟು ಹಿಂದಿಲ್ಲ, ಒಂದು ಏಟು ಮುಂದಿಲ್ಲ. ಎಲ್ಲರ ಒಂದೂ ಒಂದೇ ಕಡೆ. ಹಾಡು ಮುಗಿದ ಮೇಲೆ ಮೂರ್ತಿ, "ಚೆನ್ನಾಗಿದೆ. ಯಾರು ನುಡ್ಸಿದ್ದು?" ಅಂದ. ಜಯಕ್ಕ ಎದ್ದು ಒಳಗೆ ಹೋದಳು.

ಬ್ಯಾಂಡ್ ಮುರಿಯಿತೆಂದು ಯಾರೂ ಘೋಷಿಸಲಿಲ್ಲ. ಕರೆದವರಿಗೆ ಈ ಸಲ ಆಗಲ್ಲ ಅಂದೆವು, ಮುಂದಿನ ಸಲವೂ ಹಾಗೇ ಅಂದೆವು, ಆಮೇಲೆ ಯಾರೂ ಕರೆಯಲಿಲ್ಲ. ವಿಕ್ಟರ್ ಕೆಂಗೇರಿಯ ಕಡೆ ಮಗಳ ಮನೆಗೆ ಹೋದ. ಕಾರ್ಡ್ ರಸ್ತೆಯ ಬೊಡ್ಡೆಗಳಿದ್ದ ಜಾಗದಲ್ಲಿ ಕಂಬಗಳು ಎದ್ದವು. ಮೂರ್ತಿ ಮೃದಂಗವನ್ನು ಶಿಷ್ಯನೊಬ್ಬನಿಗೆ ಕೊಟ್ಟುಬಿಟ್ಟ. ಜಯಕ್ಕ ಉಪ್ಪಿಟ್ಟು ಮಾಡಿದರೆ ಒಲ್ಲೆ ಅನ್ನುತ್ತಿದ್ದನಂತೆ. ಕಂಬಗಳ ಮೇಲೆ ರೈಲು ಓಡಲು ಶುರುವಾದ ಮಾರನೆಯ ವರ್ಷ ತೀರಿಕೊಂಡ.

ವೈಕುಂಠ ಸಮಾರಾಧನೆಯ ದಿನ ವಿಕ್ಟರ್ ಬಂದಿದ್ದ. ಮೆಟ್ಟಿಲು ಹತ್ತಲು ನಾನು ಕೈ ಹಿಡಿಯಬೇಕಾಯಿತು. ಊಟವಾದ ಮೇಲೆ ನಾವಿಬ್ಬರೂ ಆ ಮುಂದಿನ ಕೋಣೆಯಲ್ಲಿ ಕೂತೆವು. ಮೃದಂಗ ಇಡುತ್ತಿದ್ದ ಮೂಲೆಯಲ್ಲಿ ಮೂರ್ತಿಯ ಫೋಟೋ, ಹಾರ. ವಿಕ್ಟರ್ ತನಗೆ ತಿಳಿಯದೆಯೇ ಬೆರಳಿನಲ್ಲಿ ಮೊಣಕಾಲಿನ ಮೇಲೆ ತಟ್ಟುತ್ತಿದ್ದ. ಮೂರು, ನಾಲ್ಕು. ಮೂರು, ನಾಲ್ಕು. ಒಳಗೆ, ಮುಂದೆ ಹೋಗಿ. ತಟ್ಟುತ್ತಾ ತಟ್ಟುತ್ತಾ ನಿಲ್ಲಿಸಿ ನನ್ನ ಕಡೆ ತಿರುಗಿದ.

"ಗೋಪಿ, ಈಗ ನನಗೆ ಅವನ ಒಂದೇ ಕೇಳ್ಸುತ್ತೆ. ನಂದು ಎಲ್ಲಿತ್ತು ಅಂತ ಮರ್ತೇಹೋಗಿದೆ. ನೀನು ಮಧ್ಯದಲ್ಲೇ ಇದ್ಯಲ್ಲ, ಒಂದ್ಸಲ ತೋರ್ಸೋ."

ನಾನು ಕೈ ಎತ್ತಿದೆ. ತೊಡೆಯ ಮೇಲೆ ಎಲ್ಲಿ ತಟ್ಟಬೇಕೆಂದು ನನಗೆ ತಿಳಿಯಲಿಲ್ಲ.